ಮುಳ್ಳಿನ ಹಿಂದಿನ ಬೆಳಕು

ಕಾರಿನ ಮೀಟರ್ ಬೋರ್ಡಿನ ಅಂಕಿಗಳಿಗೆ ಸ್ವಂತ ಬೆಳಕಿಲ್ಲ. ವೇಗದ ತಟ್ಟೆ ಅರೆ ಮಿಲಿಮೀಟರಿನಷ್ಟು ತೆಳುವಾದ ಪಾಲಿಕಾರ್ಬೊನೇಟ್ ಹಾಳೆ. ಅದಕ್ಕೆ ಬಳಿದ ಕಪ್ಪು ಶಾಯಿ ಅಂಕಿ, ಗೆರೆ, ಚಿಹ್ನೆಗಳಿದ್ದಲ್ಲಿ ಮಾತ್ರ ಬಿಟ್ಟುಹೋಗಿರುತ್ತದೆ. ಆ ಕಿಂಡಿಗಳಲ್ಲಿ ಬಿಳಿಯ ಅಥವಾ ಬಣ್ಣದ ಅರೆಪಾರದರ್ಶಕ ಶಾಯಿಯ ಪದರವಿದ್ದು, ಹಗಲಲ್ಲಿ ಅದು ಹೊರಗಿನ ಬೆಳಕನ್ನು ಚದುರಿಸಿ ಕಾಣಿಸಿಕೊಳ್ಳುತ್ತದೆ, ರಾತ್ರಿ ಹಿಂದಿನಿಂದ ಬಂದ ಬೆಳಕನ್ನು ಸೋಸಿ ಹೊರಬಿಡುತ್ತದೆ. ಹಾಳೆಯ ಹಿಂದೆ ಅಕ್ರಿಲಿಕ್ಕಿನ ಬೆಳಕುನಾಳ, ಅದರ ಹಿಂದೆ ಸರ್ಕಿಟ್ ಬೋರ್ಡು, ಬೋರ್ಡಿನ ಮೇಲೆ ಅಲ್ಲಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಎಲ್‌ಇಡಿಗಳು. ಅಕ್ರಿಲಿಕ್ಕಿನ ವಕ್ರೀಭವನ ಸೂಚ್ಯಂಕ 1.49. ಹಾಗಾಗಿ ಒಳಗೆ ಹೊಕ್ಕ ಕಿರಣ ಅಂಚಿಗೆ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಬೀಳದೆ ಪೂರ್ಣ ಆಂತರಿಕ ಪ್ರತಿಫಲನಕ್ಕೆ ಸಿಕ್ಕಿ ಮುಂದಕ್ಕೆ ಸಾಗುತ್ತದೆ. ಎಲ್ಲಿ ಬೆಳಕು ಬೇಕೋ ಅಲ್ಲಿ ನಾಳದ ಮೈಯನ್ನು ಒರಟು ಮಾಡಿರುತ್ತಾರೆ, ಅಥವಾ ಚುಕ್ಕಿಗಳನ್ನು ಅಚ್ಚೊತ್ತಿರುತ್ತಾರೆ. ಕಿರಣ ಅಲ್ಲಿ ದಿಕ್ಕು ತಪ್ಪಿ ಹೊರಚಿಮ್ಮುತ್ತದೆ. ಮುಳ್ಳು ಹೊಳೆಯುವುದೂ ಹೀಗೆಯೇ: ಬುಡದಲ್ಲಿ ಒಳನುಗ್ಗಿದ ಬೆಳಕು ಅದರ ಉದ್ದಕ್ಕೂ ಹರಿದು, ಬೆನ್ನಿಗೆ ಅಂಟಿಸಿದ ಬಣ್ಣದ ಪಟ್ಟಿಗೆ ತಾಗಿ ಮೇಲಕ್ಕೆ ಹೊಮ್ಮುತ್ತದೆ.

ಎಲ್‌ಇಡಿ, ಶಾಯಿ, ನಾಳ, ರೆಸಿಸ್ಟರ್, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇವೆಲ್ಲವನ್ನೂ ವಿನ್ಯಾಸಗಾರರು ಒಂದಕ್ಕೊಂದು ಹೊಂದಿಸಿಯೇ ಇಟ್ಟಿರುತ್ತಾರೆ. ಆದ್ದರಿಂದ ಒಂದು ಎಲ್‌ಇಡಿ ಬದಲಿಸಿದರೆ ಉಳಿದವುಗಳ ಲೆಕ್ಕವೂ ಬದಲಾಗುತ್ತದೆ. ಈ ರಿಪೇರಿಯಲ್ಲಿ ಆಗುವ ಬಹುಪಾಲು ಎಡವಟ್ಟುಗಳು ಈ ಒಂದು ಸಂಗತಿಯನ್ನು ಮರೆತದ್ದರ ಫಲ.

ಈ ಜೋಡಣೆಯ ಹುಟ್ಟು, ಪರೀಕ್ಷೆ, ರಿಪೇರಿ ಮೂರೂ ಒಂದೇ ಕಡೆ ನೋಡಸಿಗುವ ಊರು ಪುಣೆ. ಆಗ ಟೆಲ್ಕೋ ಎನಿಸಿಕೊಂಡಿದ್ದ ಟಾಟಾ ಮೋಟರ್ಸ್ 1960ರ ದಶಕದಲ್ಲಿ ಪಿಂಪ್ರಿಗೆ ಬಂತು. 1998ರ ಇಂಡಿಕಾ ಅಲ್ಲಿಯೇ ರೂಪುಗೊಂಡ ಕಾರು. ಮರ್ಸಿಡಿಸ್-ಬೆಂಜ್ 1990ರ ದಶಕದಲ್ಲಿ ಬಂದರೆ, ಫೋಕ್ಸ್‌ವ್ಯಾಗನ್ ಕಾರ್ಖಾನೆ 2009ರಲ್ಲಿ ಚಾಕಣದಲ್ಲಿ ಬಾಗಿಲು ತೆರೆಯಿತು. ಅದೇ ಚಾಕಣದ ಕೈಗಾರಿಕಾ ಪಟ್ಟಿಯಲ್ಲಿ ಮೀಟರ್ ಬೋರ್ಡುಗಳನ್ನೇ ತಯಾರಿಸುವ ಮಿಂಡಾ ಗುಂಪಿನ ಘಟಕವೂ ಇದೆ. ಪೌಡ್ ರಸ್ತೆಯ ಬದಿಯ ಗುಡ್ಡದ ಮೇಲೆ, 1966ರಲ್ಲಿ ಸ್ಥಾಪನೆಯಾದ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ, ಎಲ್ಲರ ಬಾಯಲ್ಲಿ ಎಆರ್‌ಎಐ, ವಾಹನದ ದೀಪಗಳನ್ನು ಅಳೆದು ಪ್ರಮಾಣಪತ್ರ ಕೊಡುತ್ತದೆ. ವಾಹನೋದ್ಯಮದ ಮಾನದಂಡಗಳಾದ ಎಐಎಸ್‌ಗಳನ್ನು ರೂಪಿಸುವ ಸಮಿತಿಯ ಕಾರ್ಯಾಲಯವೂ ಅದೇ. ಹಳೆಯ ಊರಿನ ಕಡೆ ಇಳಿದರೆ ನಾನಾ ಪೇಠೆಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿಸಾಲು, ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಸಂತೆ. ಗುಡ್ಡದ ಮೇಲೆ ಕ್ಯಾಂಡೆಲಾದ ಲೆಕ್ಕದಲ್ಲಿ ಅಳೆದ ಬೆಳಕನ್ನು ಗಲ್ಲಿಯಲ್ಲಿ ಕಣ್ಣಂದಾಜಿನಲ್ಲೇ ಕೊಂಡು ತರಬೇಕು.

ಹಳೆಯ ಕಾರುಗಳ ಮೀಟರಿನಲ್ಲಿ ಎಲ್‌ಇಡಿ ಇರಲಿಲ್ಲ, ತಂತಿ ಉರಿಯುವ ಪುಟ್ಟ ಬಲ್ಬುಗಳಿದ್ದವು. ಮೆಕ್ಯಾನಿಕ್ಕುಗಳು ಟಿ5, ಟಿ10 ಎನ್ನುವ ಈ ಬಲ್ಬುಗಳ ಗಾಜು ಸುಮಾರು 5 ಮತ್ತು 10 ಮಿಲಿಮೀಟರ್ ದಪ್ಪ. 1.2 ವ್ಯಾಟಿನ ಒಂದು ಬಲ್ಬು 12 ವೋಲ್ಟಿನಲ್ಲಿ 100 ಮಿಲಿಆಂಪಿಯರ್ ಎಳೆದು, ಅದರ ತೀರ ಸಣ್ಣ ಪಾಲನ್ನು ಕಾಣುವ ಬೆಳಕಾಗಿಸಿ, ಮಿಕ್ಕಿದ್ದನ್ನೆಲ್ಲ ಅವಗೆಂಪು ಕಿರಣ ಮತ್ತು ಶಾಖವಾಗಿ ಸುರಿಯುತ್ತದೆ. ಬಹಳ ವರ್ಷ ಓಡಿದ ಮೀಟರ್ ಬಿಚ್ಚಿದಾಗ ಬಲ್ಬಿನ ಸುತ್ತಲಿನ ಪ್ಲಾಸ್ಟಿಕ್ ಕಂದಿ ಕಪ್ಪಾಗಿರುವುದು ಇದರಿಂದಲೇ. ವೋಲ್ಟೇಜ್ ಶೇಕಡಾ 5ರಷ್ಟು ಏರಿದರೆ ಬಲ್ಬಿನ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸಿನಲ್ಲಿರುವ ಕಾರಿನಲ್ಲಿ ಅವು ಬೇಗ ಸಾಯುವುದು ಸಹಜ. ಆದರೆ ಅವಕ್ಕೊಂದು ದೊಡ್ಡ ಗುಣವಿತ್ತು: ಮೀಟರಿನ ಹಿಂಬದಿಗೆ ಕೈಹಾಕಿ ಕಾಲು ಸುತ್ತು ತಿರುಗಿಸಿದರೆ ಹೋಲ್ಡರ್ ಸಮೇತ ಹೊರಬರುತ್ತಿದ್ದವು. ಮುಳ್ಳು ಮುಟ್ಟಬೇಕಿರಲಿಲ್ಲ, ಬೆಸುಗೆ ಬೇಕಿರಲಿಲ್ಲ.

ಡ್ಯಾಶ್‌ಬೋರ್ಡುಗಳ ಬಣ್ಣದ ಇತಿಹಾಸದ ಹಿಂದೆ ಅರೆವಾಹಕಗಳ ಇತಿಹಾಸವಿದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ್ದು 1962ರಲ್ಲಿ. ಹಳದಿ ಬಂದದ್ದು 1970ರ ದಶಕದಲ್ಲಿ. ನೀಲಿ ಮಾತ್ರ ದಶಕಗಳ ಕಾಲ ಕೈಗೆಟುಕಲಿಲ್ಲ. ಗ್ಯಾಲಿಯಂ ನೈಟ್ರೈಡಿನ ಒಳ್ಳೆಯ ಹರಳು ಬೆಳೆಸುವುದೇ ಕಷ್ಟವಾಗಿತ್ತು. ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಾಮುರ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ತಂದರು. 1996ರಲ್ಲಿ ಅದರ ಮೇಲೆ ಹಳದಿ ಸೂಸುವ ಫಾಸ್ಫರ್ ಲೇಪಿಸಿ ಬಿಳಿ ಎಲ್‌ಇಡಿ ಬಂತು. ನೀಲಿ ಎಲ್‌ಇಡಿಗೆ ದಾರಿ ಮಾಡಿದ ವಿಜ್ಞಾನಿಗಳಾದ ಅಕಸಾಕಿ, ಅಮಾನೊ, ನಕಾಮುರ ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. ನೀಲಿ ಹಿನ್ನೆಲೆ, ಕೆಂಪು ಮುಳ್ಳಿನ ಫೋಕ್ಸ್‌ವ್ಯಾಗನ್ ಮೀಟರುಗಳು 1990ರ ದಶಕದ ಕೊನೆಯಲ್ಲಿ ಬಂದದ್ದು ಕಾಕತಾಳೀಯವಲ್ಲ. 1993ಕ್ಕೆ ಮುಂಚೆ ಅಷ್ಟು ಪ್ರಖರವಾದ ನೀಲಿ ಮಾರುಕಟ್ಟೆಯಲ್ಲೇ ಇರಲಿಲ್ಲ.

ಮೀಟರಿನ ಒಂದು ಮೂಲೆ ಕತ್ತಲಾದರೆ ಎಲ್‌ಇಡಿ ಸುಟ್ಟಿದೆ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಏಪ್ರಿಲ್-ಮೇನಲ್ಲಿ ಪುಣೆಯ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೈ 70 ಡಿಗ್ರಿ ದಾಟಬಲ್ಲದು, ಜನವರಿಯ ಮುಂಜಾವಿನಲ್ಲಿ 10ರ ಕೆಳಗಿಳಿಯಬಲ್ಲದು. ಬೋರ್ಡು, ಬೆಸುಗೆ, ಎಲ್‌ಇಡಿಯ ಕವಚ ಒಂದೊಂದೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ವರ್ಷಗಳ ನಂತರ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಮೀಟರಿನ ಮೇಲೆ ತಟ್ಟಿದರೆ ಬೆಳಕು ಬಂದುಹೋಗುವುದು ಇದರ ಲಕ್ಷಣ, ಅಂಥ ಕಡೆ ಹಳೆಯ ಬೆಸುಗೆಯನ್ನು ಮತ್ತೆ ಕರಗಿಸಿದರೆ ಸಾಕು. ಎಲ್‌ಇಡಿಗಳನ್ನು ಸಾಮಾನ್ಯವಾಗಿ ಎರಡು ಮೂರರಂತೆ ಸರಣಿಯಲ್ಲಿ ಜೋಡಿಸುವುದರಿಂದ ಒಂದು ಸತ್ತರೆ ಅದರ ಜೊತೆಯವೂ ಆರುತ್ತವೆ. ಸತ್ತದ್ದು ಯಾವುದೆಂದು ತಿಳಿಯಲು ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಗೆ ಇಟ್ಟು ಒಂದೊಂದಕ್ಕೂ ತಾಗಿಸಬೇಕು. ಬದುಕಿರುವುದು ಮಂಕಾಗಿ ಹೊಳೆಯುತ್ತದೆ. ಬಿಳಿ, ನೀಲಿ ಎಲ್‌ಇಡಿಗಳಿಗೆ 3 ವೋಲ್ಟಿನಷ್ಟು ಬೇಕಾದ್ದರಿಂದ ಅಗ್ಗದ ಮಲ್ಟಿಮೀಟರುಗಳಲ್ಲಿ ಅವು ಹೊಳೆಯದೆಯೂ ಇರಬಹುದು. ಹಾಗೆಂದು ಅವನ್ನು ಸತ್ತವೆಂದು ಕಿತ್ತುಹಾಕುವಂತಿಲ್ಲ.

ಬಿಚ್ಚುವ ಮೊದಲು ಬ್ಯಾಟರಿಯ ಋಣ ತುದಿ ಕಳಚಿ ಕೆಲ ನಿಮಿಷ ಕಾಯಬೇಕು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದರ ನಿಯಂತ್ರಕದ ಕೆಪಾಸಿಟರುಗಳು ಖಾಲಿಯಾಗಲು ಅಷ್ಟು ಸಮಯ ಬೇಕು. ಮೀಟರ್ ಕಳಚಿದ್ದಾಗ ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ಘಟಕ ದೋಷ ದಾಖಲಿಸಿಕೊಂಡು ಕೆಂಪು ದೀಪವನ್ನು ಹಾಗೇ ಉರಿಸುವುದುಂಟು, ಆಮೇಲೆ ಅದನ್ನು ಅಳಿಸಲು ಸ್ಕ್ಯಾನರ್ ಹುಡುಕಬೇಕಾಗುತ್ತದೆ. ಸ್ಟಿಯರಿಂಗನ್ನು ಪೂರ್ತಿ ಕೆಳಗಿಳಿಸಿ, ಮೇಲಿನ ಹೊದಿಕೆಯ ಸ್ಕ್ರೂ ಬಿಚ್ಚಿ, ಮೀಟರನ್ನು ಮುಂದಕ್ಕೆಳೆದು ಕನೆಕ್ಟರ್ ಕಳಚುವುದು ಹೆಚ್ಚಿನ ಕಾರುಗಳಲ್ಲಿ ಸಲೀಸು. 2008ರ ಇಂಡಿಕಾ ವಿಸ್ಟಾ, ಅದರ ಮರುವರ್ಷ ರಸ್ತೆಗಿಳಿದ ನ್ಯಾನೊಗಳಲ್ಲಿ ಮೀಟರ್ ಡ್ಯಾಶ್‌ಬೋರ್ಡಿನ ನಡುವಿನಲ್ಲಿದೆ. ಅಲ್ಲಿ ಸ್ಟಿಯರಿಂಗಿನ ತಂಟೆಯೇ ಇಲ್ಲ.

ಕಷ್ಟದ ಹೆಜ್ಜೆ ಮುಳ್ಳು ಕೀಳುವುದು. ಎಲ್‌ಇಡಿಗಳು ಬೋರ್ಡಿನ ಮುಂಬದಿಗಿರುವ ಮೀಟರಿನಲ್ಲಿ ಮುಳ್ಳು ತೆಗೆಯದೆ ತಟ್ಟೆ ಬರುವುದಿಲ್ಲ. ಮುಳ್ಳನ್ನು ತಿರುಗಿಸುವುದು ಹೆಬ್ಬೆಟ್ಟಿನ ಅಗಲದ ಸ್ಟೆಪ್ಪರ್ ಮೋಟರ್. ಬಹಳ ಕಡೆ ಬಳಕೆಯಲ್ಲಿರುವ ಎಕ್ಸ್27 ಮಾದರಿಯ ಮೋಟರು 315 ಡಿಗ್ರಿ ಸುತ್ತಬಲ್ಲದು, ಒಂದು ಹೆಜ್ಜೆಗೆ ಡಿಗ್ರಿಯ ಮೂರನೇ ಒಂದರಷ್ಟು ಸರಿಯುತ್ತದೆ. ಒಳಗಿರುವುದು ಪ್ಲಾಸ್ಟಿಕ್ ಹಲ್ಲುಗಾಲಿಗಳು. ಮುಳ್ಳನ್ನು ಬಲವಂತವಾಗಿ ತಿರುಗಿಸಿದರೆ ಹಲ್ಲು ಮುರಿಯುತ್ತದೆ. ಒಂದೇ ಪಕ್ಕದಿಂದ ಮೀಟಿದರೆ ಅಚ್ಚು ಬಾಗುತ್ತದೆ. ಎರಡು ಚಮಚಗಳನ್ನು ಬುಡದ ಎರಡೂ ಬದಿಗೆ ಇಟ್ಟು, ಕೆಳಗೆ ಬಟ್ಟೆಯ ತುಂಡು ಹಾಸಿ ಸಮನಾಗಿ ನೇರ ಮೇಲಕ್ಕೆ ಎತ್ತುವುದು ಗ್ಯಾರೇಜಿನ ಪದ್ಧತಿ. ಇದಕ್ಕೆಂದೇ ತಯಾರಾದ ದುಬಾರಿ ಉಪಕರಣಗಳಿಗಿಂತ ಇದು ಕಡಿಮೆಯದೇನಲ್ಲ. ಬ್ಯಾಟರಿ ಕಳಚುವ ಮೊದಲೇ ಇಗ್ನಿಷನ್ ಹಾಕಿ, ಪ್ರತಿ ಮುಳ್ಳೂ ಸೊನ್ನೆಯಲ್ಲಿ ನಿಲ್ಲುವ ಜಾಗದ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ಬಣ್ಣದ ಪ್ರಶ್ನೆ. ಸತ್ತದ್ದರ ಜಾಗಕ್ಕೆ ಅದೇ ಬಣ್ಣದ್ದನ್ನು ಹಾಕುವವರು ಕಡಿಮೆ. ಹೇಗೂ ಬಿಚ್ಚಿದ್ದಾಯಿತು, ಹಳದಿ ತೆಗೆದು ಬಿಳಿಯೋ ನೀಲಿಯೋ ಮಾಡೋಣ ಎಂಬ ಆಸೆ ಹುಟ್ಟುತ್ತದೆ. ಆದರೆ ತಟ್ಟೆಯ ಶಾಯಿ ಇದಕ್ಕೆ ಒಪ್ಪಬೇಕು. ಶಾಯಿ ಬಣ್ಣವನ್ನು ಸೇರಿಸುವುದಿಲ್ಲ, ಕಳೆಯುತ್ತದೆ. ಹಸಿರು ಶಾಯಿಯ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಅಂಕಿ ಹಸಿರಾಗಿಯೇ ಕಾಣುತ್ತದೆ. ಕೆಂಪು ಇಟ್ಟರೆ ಕತ್ತಲು. ಶಾಯಿ ಬಿಳಿಯದಾಗಿದ್ದು, ಬಣ್ಣ ಎಲ್‌ಇಡಿಯಿಂದಲೇ ಬರುತ್ತಿದ್ದರೆ ಮಾತ್ರ ಬದಲಾವಣೆ ಫಲಿಸುತ್ತದೆ. ಇದನ್ನು ತಿಳಿಯಲು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರಾಯಿತು. ಬಿಳಿ ಎಲ್‌ಇಡಿಯಲ್ಲಿ ಇನ್ನೊಂದು ಮೋಸವಿದೆ. ಅದರ ರೋಹಿತದಲ್ಲಿ 450 ನ್ಯಾನೊಮೀಟರಿನ ಬಳಿ ನೀಲಿಯ ಚೂಪು ಶಿಖರ, ನಡುವೆ ಒಂದು ಕಣಿವೆ, ಆಮೇಲೆ ಹಸಿರು-ಹಳದಿಯ ಅಗಲ ದಿಬ್ಬ. ಕಡುಗೆಂಪಿನ ಭಾಗ ತೀರ ಬಡವು. ಹೀಗಾಗಿ ಕೆಂಪು ಮುಳ್ಳಿನ ಕೆಳಗೆ ಬಿಳಿ ಎಲ್‌ಇಡಿ ಇಟ್ಟಾಗ ಅಂಕಿಗಳು ಫಳಗುಟ್ಟಿ ಮುಳ್ಳು ಮಂಕಾಗುತ್ತದೆ. ಮುಳ್ಳಿನ ಬುಡಕ್ಕೆ ಕೆಂಪು ಎಲ್‌ಇಡಿಯನ್ನೇ ಉಳಿಸುವುದು ಜಾಣತನ.

ಎಲ್‌ಇಡಿಗೆ ಬೇಕಾದ ವೋಲ್ಟೇಜ್ ಅದರ ಬಣ್ಣವನ್ನು ಅನುಸರಿಸುತ್ತದೆ. ನೀಲಿ ಬೆಳಕಿನ ಕಣಕ್ಕೆ ಕೆಂಪಿನ ಕಣಕ್ಕಿಂತ ಹೆಚ್ಚು ಶಕ್ತಿ. ಆ ಶಕ್ತಿ ಕೊಡಲು ಅರೆವಾಹಕದ ಶಕ್ತಿಪಟ್ಟಿಗಳ ನಡುವಿನ ಅಂತರ ಹೆಚ್ಚಿರಬೇಕು. ಕೆಂಪು, ಅಂಬರ್ ಎಲ್‌ಇಡಿಗಳಿಗೆ ಸುಮಾರು 2 ವೋಲ್ಟ್ ಸಾಕಾದರೆ ನೀಲಿ, ಬಿಳಿಗೆ 3 ವೋಲ್ಟ್ ಬೇಕು. ಒಂದು ಮೀಟರಿನಲ್ಲಿ ಮೂರು ಅಂಬರ್ ಎಲ್‌ಇಡಿಗಳು 680 ಓಮ್ ರೆಸಿಸ್ಟರಿನೊಡನೆ ಸರಣಿಯಲ್ಲಿವೆ ಎಂದಿಟ್ಟುಕೊಂಡರೆ, ಎಂಜಿನ್ ಓಡುವಾಗಿನ 13.8 ವೋಲ್ಟಿನಲ್ಲಿ 6 ವೋಲ್ಟ್ ಎಲ್‌ಇಡಿಗಳಿಗೆ ಹೋಗಿ ಉಳಿದ 7.8 ವೋಲ್ಟ್ ರೆಸಿಸ್ಟರಿನ ಮೇಲೆ ಬೀಳುತ್ತದೆ. ಹರಿಯುವ ವಿದ್ಯುತ್ತು 11.5 ಮಿಲಿಆಂಪಿಯರ್. ಅಲ್ಲಿಗೆ ಬಿಳಿ ಹಾಕಿದರೆ ರೆಸಿಸ್ಟರಿಗೆ ಉಳಿಯುವುದು 4.8 ವೋಲ್ಟ್, ಹರಿವು 7 ಮಿಲಿಆಂಪಿಯರ್. ಎಂಜಿನ್ ನಿಲ್ಲಿಸಿ ವೋಲ್ಟೇಜ್ 12ಕ್ಕೆ ಇಳಿದಾಗ ಅಂಬರಿನ ಹರಿವು ನಾಲ್ಕನೇ ಒಂದರಷ್ಟು ಕುಗ್ಗುತ್ತದೆ, ಬಿಳಿಯದು ಮೂರನೇ ಒಂದಕ್ಕೂ ಹೆಚ್ಚು. ಸರಣಿಯಲ್ಲಿ ನಾಲ್ಕು ಎಲ್‌ಇಡಿಗಳಿದ್ದಲ್ಲಿ ಬಿಳಿ ಹಾಕಿದರೆ ಕೀಲಿ ತಿರುಗಿಸಿದಾಗ ಮೀಟರ್ ಬಹುತೇಕ ಕತ್ತಲು, ಎಂಜಿನ್ ಓಡತೊಡಗಿದ ಮೇಲೆ ಬೆಳಕು. ಬೋರ್ಡು ಕೆಟ್ಟಿದೆ ಎಂದು ಹೆದರುವ ಕಾರಣವಿಲ್ಲ, ಲೆಕ್ಕ ತಪ್ಪಿದೆ ಅಷ್ಟೆ.

ಹರಿವು ಕಡಿಮೆಯಾಯಿತೆಂದು ರೆಸಿಸ್ಟರ್ ಇಳಿಸಲು ಹೋಗುವುದು ಇದರ ಮುಂದಿನ ತಪ್ಪು. ಇಂದಿನ ಬಿಳಿ ಎಲ್‌ಇಡಿ ಅಷ್ಟೇ ವಿದ್ಯುತ್ತಿಗೆ ಹಳೆಯ ಅಂಬರಿಗಿಂತ ಹಲವು ಪಟ್ಟು ಬೆಳಕು ಕೊಡುತ್ತದೆ. ಆದ್ದರಿಂದ ಹೆಚ್ಚಿನ ಸಲ ರೆಸಿಸ್ಟರನ್ನು ಏರಿಸಬೇಕಾಗುತ್ತದೆ. 680ರ ಜಾಗಕ್ಕೆ 2200 ಓಮ್ ಹಾಕಿದರೆ ಹರಿವು 2.2 ಮಿಲಿಆಂಪಿಯರಿಗೆ ಇಳಿದು, ರಾತ್ರಿಯ ಕಣ್ಣಿಗೆ ಹಿತವಾಗುತ್ತದೆ.

ರಾತ್ರಿಯ ಕಣ್ಣೇ ಬೇರೆ. ರೆಟಿನಾದಲ್ಲಿ ಹಗಲಿಗೆ ಶಂಕು ಕೋಶಗಳು, ಇರುಳಿಗೆ ಸರಳು ಕೋಶಗಳು. ಶಂಕುಗಳು ಒಟ್ಟಾಗಿ 555 ನ್ಯಾನೊಮೀಟರಿನ ಹಳದಿ-ಹಸಿರಿಗೆ ಅತಿ ಸೂಕ್ಷ್ಮವಾದರೆ, ಸರಳುಗಳು 507ರ ನೀಲಿ-ಹಸಿರಿಗೆ ಸೂಕ್ಷ್ಮ, ಕಡುಗೆಂಪಿಗೆ ಹೆಚ್ಚುಕಡಿಮೆ ಕುರುಡು. ಸರಳುಗಳು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆ, ಪ್ರಖರ ಬಿಳಿ-ನೀಲಿ ಬೆಳಕು ಆ ಹೊಂದಾಣಿಕೆಯನ್ನು ಕ್ಷಣಗಳಲ್ಲಿ ಕೆಡಿಸುತ್ತದೆ. ಬಿಎಂಡಬ್ಲ್ಯು ದಶಕಗಳ ಕಾಲ 605 ನ್ಯಾನೊಮೀಟರಿನ ಕಿತ್ತಳೆ-ಕೆಂಪನ್ನೇ ಹಿಡಿದುಕೊಂಡಿದ್ದು ಈ ತರ್ಕದ ಮೇಲೆ. ನೀಲಿಗೆ ಬೇರೆ ಕುಂದುಗಳೂ ಇವೆ. ಕಣ್ಣಿನ ಮಸೂರ ನೀಲಿಯನ್ನು ಹೆಚ್ಚು ಬಾಗಿಸುವುದರಿಂದ ಅದರ ಬಿಂಬ ರೆಟಿನಾಕ್ಕಿಂತ ಮುಂದೆ ಬೀಳುತ್ತದೆ. ಸೂಕ್ಷ್ಮದೃಷ್ಟಿಯ ನಡುಬಿಂದುವಿನಲ್ಲಿ ನೀಲಿ ಗ್ರಹಿಸುವ ಶಂಕುಗಳೇ ಇಲ್ಲ. ವಯಸ್ಸಾದಂತೆ ಮಸೂರ ಹಳದಿಗಟ್ಟಿ ನೀಲಿಯನ್ನು ಹೀರುತ್ತದೆ. ಅಂಗಡಿಯಲ್ಲಿ ಮಿಂಚುವ ನೀಲಿ ಅಂಕಿಗಳು, ಕಾತ್ರಜ್ ಸುರಂಗ ದಾಟಿ ಖಂಬಾಟಕಿ ಘಾಟಿನ ಕತ್ತಲಲ್ಲಿ ಬೆಳಗಾವಿಯ ಕಡೆ ಓಡುವ ಐವತ್ತು ದಾಟಿದ ಚಾಲಕನಿಗೆ ಮಸುಕು ಮಸುಕಾಗಿ ಕಾಣುವುದು ಈ ಮೂರೂ ಸೇರಿ. ಅಂಕಿ ಓದಲು ಅವನು ಕ್ಷಣ ಹೆಚ್ಚು ತೆಗೆದುಕೊಳ್ಳುತ್ತಾನೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡೆಂದರೆ ರಸ್ತೆಯ 22 ಮೀಟರ್.

ಎಚ್ಚರಿಕೆಯ ದೀಪಗಳ ಬಣ್ಣವನ್ನಂತೂ ಮುಟ್ಟಲೇಬಾರದು. ಅಪಾಯಕ್ಕೆ ಕೆಂಪು, ಎಚ್ಚರಿಕೆಗೆ ಅಂಬರ್, ಚಾಲನೆಯಲ್ಲಿರುವುದಕ್ಕೆ ಹಸಿರು, ಹೈಬೀಮಿಗೆ ನೀಲಿ ಎಂಬ ವಿಂಗಡಣೆ ಅಂತರರಾಷ್ಟ್ರೀಯ ಮಾನದಂಡದ್ದು. ಭಾರತದಲ್ಲಿ ಈ ಚಿಹ್ನೆಗಳ ಗುರುತಿಗೆ ಸಂಬಂಧಿಸಿದ ಮಾನದಂಡ ಎಐಎಸ್-071. ಹಳೆಯ ಕಾರುಗಳಲ್ಲಿ ಇವುಗಳ ಪೈಕಿ ಬ್ಯಾಟರಿ ದೀಪ ಬರೀ ಸೂಚಕವಲ್ಲ, ಕೆಲಸಗಾರ. ಆಲ್ಟರ್ನೇಟರ್ ವಿದ್ಯುತ್ ಹುಟ್ಟಿಸಲು ಮೊದಲು ಅದರ ಸುರುಳಿಯಲ್ಲಿ ಕಾಂತಕ್ಷೇತ್ರ ಬೇಕು, ಅದಕ್ಕೆ ಬೇಕಾದ ಆರಂಭದ ವಿದ್ಯುತ್ತು ಈ ಬಲ್ಬಿನ ಮೂಲಕವೇ ಹರಿಯುತ್ತದೆ. 2 ವ್ಯಾಟಿನ ಬಲ್ಬು ಸುಮಾರು 170 ಮಿಲಿಆಂಪಿಯರ್ ಬಿಡುತ್ತಿದ್ದಲ್ಲಿ 10 ಮಿಲಿಆಂಪಿಯರಿನ ಎಲ್‌ಇಡಿ ಕೂರಿಸಿದರೆ ಆಲ್ಟರ್ನೇಟರ್ ಎಚ್ಚರಗೊಳ್ಳದೆ, ಎಂಜಿನ್ನನ್ನು ಜೋರಾಗಿ ರೇಸ್ ಮಾಡುವವರೆಗೂ ಚಾರ್ಜಿಂಗ್ ಆರಂಭವಾಗದಿರಬಹುದು. ಎಲ್‌ಇಡಿಗೆ ಸಮಾಂತರವಾಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಜೋಡಿಸುವುದು ಪರಿಹಾರ. ಇಲ್ಲವೇ ಆ ಒಂದು ಬಲ್ಬನ್ನು ಬಲ್ಬಾಗಿಯೇ ಬಿಡುವುದು ಇನ್ನೂ ಸುಲಭ. ಎಡಬಲ ಎರಡಕ್ಕೂ ಒಂದೇ ಇಂಡಿಕೇಟರ್ ದೀಪವಿರುವ ಹಳೆಯ ಮೀಟರಿನಲ್ಲೂ ತೊಡಕಿದೆ: ಅಲ್ಲಿ ವಿದ್ಯುತ್ತು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಹರಿಯುತ್ತದೆ. ಬಲ್ಬಿಗೆ ದಿಕ್ಕಿನ ಹಂಗಿಲ್ಲ, ಎಲ್‌ಇಡಿಗೆ ಇದೆ. ಎಡಕ್ಕೆ ಮಿನುಗಿದ್ದು ಬಲಕ್ಕೆ ಸುಮ್ಮನಿರುತ್ತದೆ.

ಬಲ್ಬಿನ ಜಾಗಕ್ಕೆ ಟಿ10 ಎಲ್‌ಇಡಿ ಸಿಕ್ಕಿಸಿದಾಗ ಎರಡು ಕೊರತೆ ಕಾಣಿಸುತ್ತವೆ. ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಎಲ್‌ಇಡಿ ಎದುರಿನ 120 ಡಿಗ್ರಿಯ ಕೋನದಲ್ಲಿ ಮಾತ್ರ. ಬಲ್ಬಿಗೆಂದೇ ಮಾಡಿದ ಬೆಳಕಿನ ಗೂಡಿನಲ್ಲಿ ನಡುವೆ ಚುಚ್ಚುವ ಚುಕ್ಕೆ, ಅಂಚಿಗೆ ನೆರಳು ಉಳಿಯುತ್ತದೆ. ಪಕ್ಕಗಳಲ್ಲೂ ಚಿಪ್ ಇರುವ ಮಾದರಿ ಇದಕ್ಕೆ ವಾಸಿ. ಇನ್ನೊಂದು ಡಿಮ್ಮರಿನ ಕಥೆ. ಹಳೆಯ ಕಾರಿನ ತಿರುಗುಗುಂಡಿ ವೋಲ್ಟೇಜನ್ನು ಇಳಿಸುತ್ತದೆ, ಬಲ್ಬು ಮೆಲ್ಲಗೆ ಕಂದುತ್ತದೆ. ಎಲ್‌ಇಡಿ ಸ್ವಲ್ಪ ದೂರ ಕಂದಿ ಒಮ್ಮೆಲೇ ಆರಿಬಿಡುತ್ತದೆ. ಹೊಸ ಕಾರುಗಳಲ್ಲಿ ವೋಲ್ಟೇಜ್ ಇಳಿಸದೆ ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುವ ಪದ್ಧತಿಯಿರುವುದರಿಂದ ಈ ತೊಂದರೆಯಿಲ್ಲ.

ಬೋರ್ಡಿನ ಮೇಲಿನ ಎಲ್‌ಇಡಿ ಸಾಮಾನ್ಯವಾಗಿ 3.5 ಮತ್ತು 2.8 ಮಿಲಿಮೀಟರ್ ಅಳತೆಯ ಆಯತ. ಅದರ ಒಂದು ಮೂಲೆ ಕತ್ತರಿಸಿರುತ್ತದೆ. ಹೆಚ್ಚಿನವುಗಳಲ್ಲಿ ಅದೇ ಋಣ ತುದಿಯ ಗುರುತು. ಸೀಸವಿಲ್ಲದ ಬೆಸುಗೆ 217 ಡಿಗ್ರಿಯಲ್ಲಿ, ಸೀಸದ್ದು 183ರಲ್ಲಿ ಕರಗುತ್ತದೆ. ಹಳೆಯ ಬೆಸುಗೆಗೆ ಸ್ವಲ್ಪ ಸೀಸದ ಬೆಸುಗೆ ಬೆರೆಸಿದರೆ ಅದು ಬೇಗ ಸಡಿಲವಾಗಿ ತಾಮ್ರದ ಪಟ್ಟಿ ಕಿತ್ತುಬರುವುದು ತಪ್ಪುತ್ತದೆ. ಬಿಳಿ, ನೀಲಿ ಎಲ್‌ಇಡಿಗಳು ಮೈಯ ಸ್ಥಿರವಿದ್ಯುತ್ತಿಗೂ ಸಾಯಬಲ್ಲವು. ಪುಣೆಯ ಒಣ ಚಳಿಗಾಲದಲ್ಲಿ ಇದು ಲೆಕ್ಕಕ್ಕೆ ಬರುವ ವಿಷಯ. ಕೊಳ್ಳುವಾಗ ಅಷ್ಟೂ ಎಲ್‌ಇಡಿಗಳನ್ನು ಒಂದೇ ರೀಲಿನಿಂದ ಕತ್ತರಿಸಿ ಪಡೆಯಬೇಕು. ಕಾರ್ಖಾನೆಯವರು ಬಣ್ಣ, ಪ್ರಖರತೆಯ ಸೂಕ್ಷ್ಮ ವ್ಯತ್ಯಾಸಕ್ಕೆ ತಕ್ಕಂತೆ ಎಲ್‌ಇಡಿಗಳನ್ನು ವಿಂಗಡಿಸಿ ರೀಲು ಕಟ್ಟುತ್ತಾರೆ. ಚಿಲ್ಲರೆಯಾಗಿ ಕೂಡಿಸಿದ ಪೊಟ್ಟಣದಲ್ಲಿ ಒಂದು ನೀಲಿಛಾಯೆಯ ಬಿಳಿ, ಪಕ್ಕದ್ದು ಹಳದಿಛಾಯೆಯ ಬಿಳಿ. ಬಿಡಿಯಾಗಿ ತಿಳಿಯದ ಈ ಭೇದ ತಟ್ಟೆಯ ಹಿಂದೆ ಅಕ್ಕಪಕ್ಕ ಕೂತಾಗ ಢಾಳಾಗಿ ಕಾಣುತ್ತದೆ. ಬೋರ್ಡಿನ ಮೇಲೆ ಎಂಟು ಕಾಲಿನ ಪುಟ್ಟ ಸ್ಮೃತಿಚಿಪ್ಪೂ ಇರುತ್ತದೆ. ಓಡಿದ ಕಿಲೋಮೀಟರುಗಳ ಲೆಕ್ಕ ಅದರಲ್ಲಿದೆ, ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಲ್ಲಿ ಕಳ್ಳತನ ತಡೆಯುವ ಇಮೊಬಿಲೈಸರಿನ ಗುಟ್ಟೂ ಮೀಟರಿನೊಳಗೇ ಇದೆ. ಬಿಸಿ ತುದಿ ಅಲ್ಲಿಗೆ ಜಾರಿದರೆ ಬೆಳಕಿರುವ ಮೀಟರೂ, ಸ್ಟಾರ್ಟ್ ಆಗದ ಕಾರೂ ಉಳಿಯುತ್ತವೆ.

ಜೋಡಿಸುವಾಗ ತಟ್ಟೆ ಕೂರಿಸಿ, ಮುಳ್ಳಿಲ್ಲದೆಯೇ ಕನೆಕ್ಟರ್ ಹಾಕಿ ಇಗ್ನಿಷನ್ ತಿರುಗಿಸಬೇಕು. ಮೋಟರುಗಳು ತಮ್ಮ ಸೊನ್ನೆಗೆ ಬಂದು ನಿಂತ ಮೇಲೆ ಚಿತ್ರ ನೋಡಿಕೊಂಡು ಮುಳ್ಳನ್ನು ಹಗುರವಾಗಿ ಒತ್ತಬೇಕು. ಬುಡ ತಟ್ಟೆಗೆ ಉಜ್ಜುವಷ್ಟು ಒತ್ತಿದರೆ ಮುಳ್ಳು ತಡವರಿಸುತ್ತದೆ. ನಂತರ ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಫೋನಿನ ಜಿಪಿಎಸ್ ಜೊತೆ ತಾಳೆ ನೋಡುವುದು ವಾಡಿಕೆ. ಜಿಪಿಎಸ್ 60 ಎಂದಾಗ ಮೀಟರ್ 63 ತೋರಿಸಿದರೆ ಅದು ತಪ್ಪಲ್ಲ. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ಮೀಟರ್ ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹತ್ತರಲ್ಲೊಂದು ಪಾಲಿನ ಮೇಲೆ ಇನ್ನೂ 4 ಕಿಲೋಮೀಟರಿನಷ್ಟು ಹೆಚ್ಚು ತೋರಿಸಬಹುದು. 57 ತೋರಿಸಿದರೆ ಮುಳ್ಳು ತಪ್ಪು ಕೂತಿದೆ, ಮತ್ತೆ ಬಿಚ್ಚಬೇಕು.

ಮುಳ್ಳೇ ಇಲ್ಲದ ಮೀಟರುಗಳಿಗೆ ಈ ವಿದ್ಯೆ ಅನ್ವಯಿಸುವುದಿಲ್ಲ. ಪುಣೆಯ ಬಳಿಯ ರಂಜಣಗಾವಿನಲ್ಲಿ ತಯಾರಾಗುವ ಟಾಟಾ ನೆಕ್ಸಾನಿಗೆ 2023ರ ಪರಿಷ್ಕರಣೆಯಲ್ಲಿ 10.25 ಇಂಚಿನ ಪೂರ್ಣ ಪರದೆ ಬಂತು. ಇಂಥ ಪರದೆಗಳ ಹಿಂದೆಯೂ ಬಿಳಿ ಎಲ್‌ಇಡಿಗಳೇ ಇವೆ. ಆದರೆ ಅವನ್ನು ನಡೆಸುವುದು ರೆಸಿಸ್ಟರ್ ಅಲ್ಲ, ಹರಿವನ್ನು ಸ್ಥಿರವಾಗಿಡುವ ಚಿಪ್. ಸಾಲಿನಲ್ಲಿ ಒಂದು ಎಲ್‌ಇಡಿ ಕಡಿದರೆ ಅದು ದೋಷ ಗುರುತಿಸಿ ಆ ಸಾಲನ್ನೇ ಮುಚ್ಚಬಲ್ಲದು. ಬೆಳಕು ಹರಡುವ ತೆಳು ಹಾಳೆಗಳ ನಡುವೆ ಒಂದು ಧೂಳಿನ ಕಣ ಸೇರಿದರೂ ಪರದೆಯಲ್ಲಿ ಕಲೆಯಾಗಿ ಕಾಣುತ್ತದೆ, ಗಾಜನ್ನು ಪಾರದರ್ಶಕ ಅಂಟಿನಿಂದ ಪರದೆಗೆ ಕಚ್ಚಿಸಿದ್ದರೆ ಒಡೆಯದೆ ಬಿಡಿಸುವುದೇ ಕಷ್ಟ. ಹೀಗಾಗಿ ಇವುಗಳಿಗೆ ಗ್ಯಾರೇಜಿನಲ್ಲಿ ಸಿಗುವ ಉಪಚಾರವೆಂದರೆ ಇಡೀ ಘಟಕವನ್ನು ಬದಲಿಸಿ, ಹಳೆಯದರ ಕಿಲೋಮೀಟರ್ ಲೆಕ್ಕವನ್ನು ಕಂಪನಿಯ ಸಾಫ್ಟ್‌ವೇರಿನಿಂದ ಹೊಸದಕ್ಕೆ ಬರೆಸುವುದು.